ಎದೆಹಾಲಿಗೊಂದು ಮೂಗುಪರೀಕ್ಷೆ

ಲಾಡ್ಜಿನ ಮ್ಯಾನೇಜರು ಬಿಳಿ ಬೆಡ್‌ಶೀಟುಗಳ ಮೂಟೆಯನ್ನು ಲಾಂಡ್ರಿಯಲ್ಲಿ ಇಳಿಸಿ, ಎದುರಿನ ಅಂಗಡಿಯಲ್ಲಿ ಟೀ ಕುಡಿದು ವಾಪಸ್ಸು ಬರುವಷ್ಟರಲ್ಲಿ ಮೇಲಿನ ಶೀಟಿನ ನಟ್ಟನಡುವೆ ಒಂದು ಕೆಂಪು ಕಲೆ ಮೂಡಿಬಿಟ್ಟಿತ್ತು. ಅದನ್ನು ಕಂಡ ಲಾಂಡ್ರಿ ಮಾಲೀಕರ ಮುಖ ಅರಳಿತು. (ಕಲೆ ಕಂಡರೆ ಉಳಿದವರ ಮುಖ ಬಾಡುತ್ತದೆ, ಇವರದು ಅರಳುತ್ತದೆ. ಹೊಟ್ಟೆಪಾಡು, ಏನು ಮಾಡುವುದು!)

ಆ ಬೀದಿಯವರೆಲ್ಲ ಅವರನ್ನು ಕರೆಯುವುದೇ 'ಕಲೆಗಾರರು' ಎಂದು. ಅವರು ಹಾಡಿದ್ದನ್ನಾಗಲಿ ಕುಣಿದದ್ದನ್ನಾಗಲಿ ಯಾರೂ ಕಂಡಿಲ್ಲ. ಕಲೆ ತೆಗೆಯುವುದೇ ಅವರ ಕಲೆ. ಯಾವ ಬಟ್ಟೆಯನ್ನು ತಂದು ಮುಂದೆ ಹಿಡಿದರೂ ಒಮ್ಮೆ ಮೂಸಿ, ಕಣ್ಣು ಮುಚ್ಚಿ, "ಇದು ಶಾಯಿ", "ಇದು ಎಣ್ಣೆ", "ಇದು ಟೀ, ಸಕ್ಕರೆ ಕಮ್ಮಿ" ಎಂದು ತೀರ್ಪು ಕೊಡುತ್ತಿದ್ದರು. ಆ ಮೂಗು ಅವರ ತಂದೆಯಿಂದ ಬಂದದ್ದು. ತಂದೆಯಿಂದ ಬಂದ ಇನ್ನೊಂದು ಆಸ್ತಿ ಅಂಗಡಿಯ ಸೋರುವ ಸೂರು.

ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಬೇರೆ ಇದ್ದರು. ಜನ ಸೇರಿದರೆ ಕಲೆಗಾರರಿಗೆ ಹುರುಪು. ಮೂಸುವ ಗೋಜಿಗೂ ಹೋಗದೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನ್ ಸ್ವಾಮಿ, ನಿಮ್ಮ ಲಾಡ್ಜಿಗೆ ಜನ ಮಲಗೋಕೆ ಬರ್ತಾರೋ, ಹಾಸಿಗೆ ಮೇಲೆ ಊಟ ಬಡಿಸ್ಕೊಳ್ಳೋಕೆ ಬರ್ತಾರೋ? ಟೊಮೆಟೊ ಸಾಸು! ಅದೂ ಅಗ್ಗದ್ದು! ಇದಕ್ಕೆ ಚಾರ್ಜು ಬೇರೆ ಆಗುತ್ತೆ."

"ನಮ್ಮಲ್ಲಿ ಊಟಾನೇ ಕೊಡಲ್ವಲ್ರೀ!" ಎಂದರು ಮ್ಯಾನೇಜರು.

"ಹೊರಗಿಂದ ತರಿಸಿರ್ತಾರೆ. ನನ್ನ ಮೂಗಿಗೆ ಸುಳ್ಳು ಹೇಳ್ತೀರಾ?"

ಆಗ ಹಿಂದಿನಿಂದ ಒಂದು ದನಿ ಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದ ಅವರ ಹೆಂಡತಿಯದು.

"ಸಾಸೂ ಅಲ್ಲ, ಅಗ್ಗದ್ದೂ ಅಲ್ಲ ರೀ. ಅದು ನಂದು."

"ನಿಂದು ಅಂದ್ರೆ?"

"ಮುಟ್ಟಾಗಿದೀನಿ. ಆ ಮೂಟೆ ಮೇಲೆ ಕೂತು ಮಗುಗೆ ಹಾಲು ಕೊಡ್ತಿದ್ದೆ, ಗೊತ್ತಾಗ್ಲಿಲ್ಲ. ಅಂಗಡೀಲಿರೋ ಒಂದೇ ಕುರ್ಚೀಲಿ ನೀವು ಕೂತಿದ್ರಲ್ಲ. ಮ್ಯಾನೇಜರೇ, ಆ ಶೀಟಿಗೆ ದುಡ್ಡು ಕೊಡ್ಬೇಡಿ."

ಮ್ಯಾನೇಜರು ತಲೆಯೆತ್ತಿ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಫ್ಯಾನು ತಿರುಗುತ್ತಿರಲಿಲ್ಲ. ಗಿರಾಕಿಗಳಿಗೆಲ್ಲ ಒಮ್ಮೆಲೇ ಮನೆಯಲ್ಲಿ ಕೆಲಸ ನೆನಪಾಯಿತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣವೆಂದು ಕಲೆಗಾರರು ಕೆಳಗೆ ನೋಡಿದರು. ಸಿಮೆಂಟು ನೆಲ, ಬಾಯಿಬಿಡುವ ಲಕ್ಷಣ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಪಿಸುಗುಟ್ಟಿದರು. "ಅಷ್ಟು ಜನರ ಮುಂದೆ ಹೇಳ್ಬೇಕಿತ್ತೇನೇ?"

"ನೀವು ಅಷ್ಟು ಜನರ ಮುಂದೆ ಸಾಸು ಅನ್ನಬಹುದು, ನಾನು ನಿಜ ಅನ್ನಬಾರ್ದಾ? ಯಾರದೋ ಲಾಡ್ಜಿಗೆ ಯಾಕ್ರೀ ಕೆಟ್ಟ ಹೆಸರು?"

"ಅಲ್ವೇ, ಮಗು ಹಾಲು ಕುಡಿಯೋವರೆಗೂ ಇದು ಬರೋದೇ ಇಲ್ಲ ಅಂತಿದ್ರಲ್ಲ ಎಲ್ರೂ?"

"ಎಲ್ರೂ ಅಂದ್ರೆ ನೀವು. ಲಸಿಕೆ ಹಾಕಿಸೋಕೆ ಹೋದಾಗ ನರ್ಸಮ್ಮನ್ನ ಕೇಳಿದ್ದೆ. ಒಬ್ಬೊಬ್ಬರಿಗೆ ಬೇಗ ಬರುತ್ತಂತೆ, ಒಬ್ಬೊಬ್ಬರಿಗೆ ಹಾಲು ಬಿಡಿಸೋವರೆಗೂ ಬರಲ್ವಂತೆ. ಮಗು ಗಂಜಿ-ಗಿಂಜಿ ತಿನ್ನೋಕೆ ಶುರು ಮಾಡಿ ಹಾಲು ಕಮ್ಮಿ ಕುಡಿದ್ರೆ ಬರಬಹುದಂತೆ. ಇನ್ನೊಂದ್ ಮಾತು. ಇದು ಬರೋಕೆ ಮುಂಚೇನೇ ಮತ್ತೆ ಬಸುರಾಗೋದೂ ಉಂಟಂತೆ."

ಹಾಲೂಡಿಕೆಯನ್ನೇ ಪುಕ್ಕಟೆ ಕುಟುಂಬ ಯೋಜನೆ ಎಂದು ನಂಬಿಕೊಂಡು ಇಷ್ಟು ತಿಂಗಳು ನಿಶ್ಚಿಂತೆಯಿಂದಿದ್ದ ಕಲೆಗಾರರು, ಆಸರೆಗಾಗಿ ಕೈಚಾಚಿ ಇಸ್ತ್ರಿಪೆಟ್ಟಿಗೆಯನ್ನು ಹಿಡಿದರು. (ಅದು ಬಿಸಿಯಿತ್ತು. ಕೂಡಲೇ ಬಿಟ್ಟರು.)

ಅಂಗಡಿಯ ಸುದ್ದಿಗೆ ಮೆಟ್ಟಿಲು ಹತ್ತಲು ಕಾಲು ಬೇಕಿಲ್ಲ. ಮಹಡಿಯ ಮೇಲಿನ ಮನೆಯಿಂದ ಕಲೆಗಾರರ ತಾಯಿ ಇಳಿದುಬಂದರು. ಬಂದವರೇ ಸೊಸೆಯ ತೋಳಿನಿಂದ ಮಗುವನ್ನು ಎತ್ತಿಕೊಂಡು, ಅಣೆಕಟ್ಟಿನ ಗೇಟು ಮುಚ್ಚಲು ಆಜ್ಞೆ ಹೊರಡಿಸುವ ಎಂಜಿನಿಯರರ ಗಾಂಭೀರ್ಯದಲ್ಲಿ ನುಡಿದರು:

"ಇವತ್ತಿಂದ ಹಾಲು ನಿಲ್ಸು."

"ಯಾಕತ್ತೆ?"

"ಯಾಕಂತೆ ಯಾಕೆ! ಮುಟ್ಟು ಬಂತು ಅಂದ್ರೆ ಹಾಲು ಕೆಟ್ತು ಅಂತ. ಮೈಯಲ್ಲಿ ಉಷ್ಣ ಏರಿರುತ್ತೆ. ಕೂಸಿನ ಹೊಟ್ಟೆ ಏನಾಗ್ಬೇಕು? ನನಗೆ ಇವನನ್ನ ಹೆತ್ತ ಮೇಲೆ ವರ್ಷಗಟ್ಟಲೆ ಅದರ ಸುಳಿವೇ ಇರಲಿಲ್ಲ."

"ನಿಮ್ಮ ಮೈ ನಿಮ್ಮದು, ನನ್ನ ಮೈ ನಂದು ಅತ್ತೆ. ಹಾಲು ಕೆಡಲ್ವಂತೆ. ಬೇಕಾದ್ರೆ ನಾಲ್ಕು ದಿನ ಒಂಚೂರು ಕಮ್ಮಿ ಅನ್ನಿಸಬಹುದು, ಇನ್ನೂ ಜಾಸ್ತಿ ಸಲ ಕುಡಿಸಿ ಅಂದ್ರು ನರ್ಸಮ್ಮ."

"ಆ ನರ್ಸಮ್ಮ ಎಷ್ಟು ಹೆತ್ತಿದಾಳೆ?"

"ಹೆರಿಗೆ ಎಷ್ಟು ಮಾಡಿಸಿದಾರೆ ಕೇಳಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು, ಮಗುವನ್ನೂ ಎತ್ತಿಕೊಂಡು ಹೊರಟೇಬಿಟ್ಟರು. ಮರಳಿದಾಗ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಹಾಲಿನ ಪುಡಿಯ ಡಬ್ಬ. ಡಬ್ಬ ಮಗುವಿಗಿಂತ ದಪ್ಪಗಿತ್ತು.

ಮಹಡಿಯ ಮೇಲೆ ಬಾಟಲಿಯನ್ನು ಬಾಯಿಗಿಟ್ಟರೆ ಮಗು ತುಟಿ ಬಿಗಿಯಿತು. ಬಲವಂತ ಮಾಡಿದರೆ ಅಜ್ಜಿಯ ಕನ್ನಡಕದ ಮೇಲೆ ಉಗುಳಿತು. ಆಮೇಲೆ ಎತ್ತಿದ ಅಳು ಕೆಳಗಿನ ಅಂಗಡಿಗೆ, ಅದರಾಚೆಯ ಬೀದಿಗೆ, ಟೀ ಅಂಗಡಿಯ ಬಾಯ್ಲರಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಕೌಂಟರಿನ ಹಿಂದೆ ನಿಂತಿದ್ದ ಹೆಂಡತಿಯ ರವಿಕೆ ತಾನೇ ತಾನಾಗಿ ನೆನೆಯಿತು. ಆಕೆ ಗಿರಾಕಿಯ ಕೈಗೆ ಚೀಟಿ ಕೊಟ್ಟು ಗಂಡನ ಕಡೆ ತಿರುಗಿದಳು.

"ಕೇಳಿಸ್ತಿದೆಯಾ?"

"ಅಮ್ಮ ಹಿರಿಯರು ಕಣೇ..."

"ಮೊದಲ ವಾರಗಳಲ್ಲಿ ಎದೆ ತೊಟ್ಟು ಒಡೆದು ರಕ್ತ ಬಂದಾಗ್ಲೂ ಹಲ್ಲು ಕಚ್ಕೊಂಡು ಕುಡಿಸಿದೀನಿ. ಆಗ ಬಂದ ರಕ್ತಕ್ಕೆ ಯಾರೂ ಹಾಲು ಕೆಟ್ತು ಅನ್ನಲಿಲ್ಲ. ಈಗೆಲ್ಲೋ ಕೆಳಗಡೆ ಬಂದಿದ್ದಕ್ಕೆ ಕೆಟ್ಟೋಯ್ತಾ? ಹಾಲೂ ನನ್ನ ಮೈಯಿಂದಾನೇ, ಅದೂ ನನ್ನ ಮೈಯಿಂದಾನೇ. ಅವೆರಡಕ್ಕೂ ಜಗಳ ಇಲ್ಲ. ಜಗಳ ನಿಮಗೇ."

ಕಲೆಗಾರರು ಒಂದು ಶರಟಿನ ಕಾಲರನ್ನು ಬಹಳ ಹೊತ್ತು ಪರಿಶೀಲಿಸಿದರು.

ಕಡೆಗೆ ದಾರಿ ತೋರಿಸಿದವರು ತಾಯಿಯೇ. ಅತ್ತು ಅತ್ತು ಕೆಂಪಾದ ಮಗುವನ್ನೂ ಅದು ಕುಡಿಯದೆ ಬಿಟ್ಟ ಬಾಟಲಿಯನ್ನೂ ಹೊತ್ತು ಕೆಳಗಿಳಿದು ಬಂದರು. ಲೋಕದಲ್ಲಿ ಅವರು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಒಂದನ್ನೇ, ತಮ್ಮ ಮಗನ ಮೂಗನ್ನು.

"ನನ್ನ ಮಾತೂ ಬೇಡ, ನಿನ್ನ ನರ್ಸಮ್ಮನ ಮಾತೂ ಬೇಡ. ನನ್ನ ಮಗ ಮೂಸಿ ನೋಡ್ಲಿ. ಕೆಟ್ಟಿಲ್ಲ ಅಂದ್ರೆ ಮತ್ತೆ ನಾನು ಬಾಯಿ ಬಿಡಲ್ಲ."

"ಕೆಟ್ಟಿದೆ ಅಂದ್ರೆ ಕುಡಿಸೋದು ಬಿಡ್ತೀನಿ," ಎಂದಳು ಸೊಸೆ. "ಆದ್ರೆ ನಂದೂ ಬಾಟಲೀದೂ ಎರಡೂ ಮೂಸ್ಬೇಕು, ಯಾವುದು ಯಾವುದು ಅಂತ ಅವರಿಗೆ ಹೇಳೋ ಹಾಗಿಲ್ಲ."

ಅವಳು ಬಾಟಲಿಯನ್ನೂ ಒಗೆದ ಎರಡು ಬಿಳಿ ಕರವಸ್ತ್ರಗಳನ್ನೂ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಹೊರಬಂದಾಗ ಎರಡೂ ಒದ್ದೆಯಾಗಿದ್ದವು. ಕೌಂಟರಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು.

ಕಲೆಗಾರರಿಗೂ ಇದು ಬೇಕಿತ್ತೆನ್ನಿ. ಸಾಸಿನ ಸಂಗತಿಯನ್ನು ಮ್ಯಾನೇಜರು ಟೀ ಅಂಗಡಿಯವರೆಗೆ ತಲುಪಿಸಿಯಾಗಿತ್ತು. ಮೂಗಿನಿಂದ ಹೋದ ಮಾನವನ್ನು ಮೂಗಿನಿಂದಲೇ ತರಬೇಕು. ಅವರು ಕೈ ತೊಳೆದರು, ಮೂಗು ಸೀಟಿದರು, ಕಣ್ಣು ಮುಚ್ಚಿದರು. ಮೊದಲನೆಯದನ್ನು ಮೂಸಿದರು.

"ಆಹಾ! ತಾಜಾ. ನವುರು. ಹದವಾದ ಸಿಹಿ. ಒಂದೂ ಕುಂದಿಲ್ಲ."

ಎರಡನೆಯದನ್ನು ಮೂಸಿದರು. ಹುಬ್ಬು ಗಂಟಿಕ್ಕಿತು.

"ಊಹೂಂ. ಇದ್ಯಾಕೋ... ಒಂಥರಾ ತಗಡಿನ ವಾಸನೆ."

"ಉಷ್ಣ!" ಎಂದರು ತಾಯಿ. "ನಾನು ಹೇಳಲಿಲ್ವಾ!"

ತಾಯಿಯ ಮುಖದ ಸಂತೋಷ ಕಂಡು ಮಗನಿಗೆ ಇನ್ನಷ್ಟು ಸ್ಫೂರ್ತಿ ಬಂತು. ನಿಲ್ಲಬೇಕಾದಲ್ಲಿ ನಿಲ್ಲದಿರುವುದು ಕಲಾವಿದರ ಹಳೆಯ ಕಾಯಿಲೆ.

"ಉಷ್ಣಾನೇ ಅಮ್ಮ, ಎದ್ದು ಕಾಣ್ತಿದೆ. ಮುಗ್ಗಲು ಕೂಡ. ಇದನ್ನ ಕುಡಿದ್ರೆ ಮಗು ಇರಲಿ, ಆನೆಗೂ ಹೊಟ್ಟೆನೋವು ಬರುತ್ತೆ."

"ಖಂಡಿತಾನಾ?" ಎಂದಳು ಹೆಂಡತಿ.

"ಈ ಮೂಗಿನ ಮೇಲೆ ಆಣೆ."

"ಸರಿ. ಮೊದಲನೇದು ನಂದು. ಎರಡನೇದು ಅತ್ತೆಯವರು ಬಾಟಲೀಲಿ ಕಲಸಿಟ್ಟಿದ್ದು."

(ಪಾಪ, ಡಬ್ಬದ ತಪ್ಪೇನೂ ಇರಲಿಲ್ಲ. ಅದರ ಅಗತ್ಯವಿರುವ ಮಕ್ಕಳಿಗೆ ಅದೂ ಅನ್ನವೇ. ಆದರೆ ಮೂಗಿನ ಮೇಲೆ ಆಣೆ ಇಟ್ಟಾಗಿತ್ತು.)

ತಾಯಿ ಮಗನನ್ನು ನೋಡಿದ ನೋಟಕ್ಕೆ ಇಸ್ತ್ರಿಯ ಬಿಸಿಯಿತ್ತು. ಕಲೆಗಾರರು ಎರಡೂ ಕರವಸ್ತ್ರಗಳನ್ನು ಮತ್ತೆ ಮೂಸಿ, "ಗಾಳಿ ಆ ಕಡೆಯಿಂದ ಬೀಸ್ತಿತ್ತು..." ಎಂದು ಶುರುಮಾಡಿದರು.

ಹೆಂಡತಿ ಅತ್ತೆಯ ತೋಳಿನಿಂದ ಮಗುವನ್ನು ತೆಗೆದುಕೊಂಡಳು. ಗಂಡನ ಕುರ್ಚಿಯನ್ನು ಬಾಗಿಲಿನ ಬೆಳಕಿಗೆ ಎಳೆದು, ಅದರಲ್ಲಿ ಆರಾಮಾಗಿ ಕೂತು, ಸೆರಗು ಸರಿಸಿ ಮಗುವಿಗೆ ಹಾಲು ಕೊಟ್ಟಳು. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ಇಡೀ ಅಂಗಡಿಗೆ ಕೇಳಿಸಿತು. ಅದರ ಒಂದು ಕಾಲು ಖುಷಿಯಿಂದ ಅಜ್ಜಿಯ ಮಂಡಿಗೆ ಒದೆಯುತ್ತಿತ್ತು. ಅಜ್ಜಿ ಆ ಕಾಲನ್ನು ಹಿಡಿದು ಸ್ವಲ್ಪ ಹೊತ್ತು ಸವರಿದರು. ಕೊಟ್ಟ ಮಾತಿನಂತೆ ಹಾಲಿನ ವಿಷಯಕ್ಕೆ ಬಾಯಿ ಬಿಡಲಿಲ್ಲ. ಆದರೆ ಪುಡಿಯ ವಿಷಯಕ್ಕೆ ಮಾತು ಕೊಟ್ಟಿರಲಿಲ್ಲವಲ್ಲ.

"ಅಲ್ವೇ, ಅಷ್ಟು ದೊಡ್ಡ ಡಬ್ಬ! ಒಡೆದ ಮೇಲೆ ಅಂಗಡಿಯವನು ವಾಪಸ್ಸೂ ತಗೊಳಲ್ಲ. ಇನ್ನು ಅದನ್ನ ಯಾರಿಗೆ ಕುಡಿಸ್ಲಿ ನಾನು?"

ಸೊಸೆ ಮಗುವಿನಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಮಗನಿಗೆ ಕುಡಿಸಿ ಅತ್ತೆ. ಅವರಿಗಿನ್ನೂ ನೀವು ಹಾಲು ಬಿಡಿಸಿಲ್ಲ."