ಒಂದು ಬಿಳಿ ಪರದೆ, ಒಂದು ಚೀಲ ಮೆಣಸಿನಕಾಯಿ

ನನ್ನ ಕೆಲಸವೇ ಅಂಥಾದ್ದು. ಬೆಳಗಾದರೆ ಯಾರಾದರೊಬ್ಬರು ನನ್ನನ್ನು ದಡ್ಡಿ ಮಾಡಿ ಕಳಿಸುತ್ತಾರೆ, ಸಂಜೆ ನಾನೇ ಕೂತು ಅದರ ವರದಿ ಬರೆಯುತ್ತೇನೆ.

ನಮ್ಮದು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ. ಫೋಟೋ ನೋಡಿ ಹುಡುಕುವ ಆ್ಯಪ್ ಮಾಡಿದ್ದೇವೆ. ವಸ್ತುವಿನ ಹೆಸರು ಗೊತ್ತಿರಬೇಕಿಲ್ಲ, ಬರೆಯಲು ಬರಬೇಕಿಲ್ಲ. ಒಂದು ಫೋಟೋ ಹೊಡೆದರೆ ಅದೇನು, ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಆ್ಯಪ್ ತೋರಿಸುತ್ತದೆ. ಅಂದರೆ, ತೋರಿಸಬೇಕು. ಜನ ಮಾತ್ರ ಒಂದು ದಿನ ಇಟ್ಟುಕೊಂಡು ಮರುದಿನ ಅಳಿಸಿ ಹಾಕುತ್ತಿದ್ದರು.

ಅದರ ಮೊದಲ ಪರದೆಯನ್ನು ನಮ್ಮ ಸಾಹೇಬರೇ ಖುದ್ದಾಗಿ ಮಾಡಿದ್ದು. ಇಡೀ ಪರದೆ ಬಿಳುಪು, ಕೆಳಗೆ ಒಂದೇ ಒಂದು ಬೂದು ಬಣ್ಣದ ವೃತ್ತ. ಅದನ್ನು ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ. ಅಕ್ಷರ ಅನ್ನುವುದು ಒಂದೂ ಇಲ್ಲ. ಅಕ್ಷರ ಬಂದರೆ ಅಂದ ಹೋಯಿತು ಅನ್ನುವುದು ಅವರ ವಾದ. ಜನ ಎಲ್ಲಿ ಎಡವುತ್ತಾರೆ ನೋಡಿಕೊಂಡು ಬಾ, ಪರದೆ ಹೊಸದಾಗಿ ಮಾಡೋಣ ಎಂದು ನನ್ನನ್ನು ಕಳಿಸಿದರು. ಕಳಿಸುವಾಗಲೇ ವರದಿಯ ಕೊನೆಯ ವಾಕ್ಯವನ್ನೂ ಹೇಳಿಕೊಟ್ಟರು: "ಪರದೆ ಸರಿಯಾಗಿದೆ, ಬಳಕೆದಾರರಿಗೆ ತರಬೇತಿ ಬೇಕು."

ಕಂಡದ್ದನ್ನು ಬರೆಯುತ್ತೇನೆ ಸರ್, ಅಂದೆ. ಹಾಗಾದರೆ ನಿಮ್ಮ ವಿಭಾಗ ಇರಬೇಕಾ ಅಂತ ಮುಂದಿನ ತಿಂಗಳು ಯೋಚಿಸಬೇಕಾಗುತ್ತೆ, ಅಂದರು. ನಮ್ಮ ವಿಭಾಗ ಅಂದರೆ ನಾನು ಮತ್ತು ನನ್ನ ಚೀಲ. ನಾನು ಹಾವೇರಿಯವಳು. ನನ್ನ ಊರ ಮಂದಿಗೆ ಬುದ್ಧಿ ಕಡಿಮೆ ಅಂತ ನನ್ನ ಕೈಯಿಂದಲೇ ಬರೆಸಲು ಹೊರಟಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಹೋಗಲಿ, ಆ ವಾಕ್ಯ ಬರೆದರೆ ನನ್ನ ಹೆಸರು ಬದಲಿಸಿ ಅಂದುಕೊಂಡು ಬಸ್ ಹತ್ತಿದೆ.

ಗುತ್ತಲ: ಗುಂಡಗೆ ಬಂದದ್ದು

ಗುತ್ತಲದಲ್ಲಿ ಬದನೆ ಬೆಳೆಯುವ ಒಬ್ಬ ಹಿರಿಯರು ಸಿಕ್ಕರು. ಹುಳ ಹತ್ತಿದ ಒಂದು ಎಲೆಯನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಿದ್ದರು. "ಕಾಕಾ, ಇದ್ಯಾವ ಹುಳ ಅಂತ ಇದರಾಗ ಹುಡುಕ್ರಿ" ಎಂದು ಫೋನು ಕೊಟ್ಟೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಫೋನು ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಹೇಳಿಕೊಡಬಾರದು.

ಕಾಕಾ ಪರದೆ ನೋಡಿದರು, ಫೋನನ್ನು ಮಂಡಿಯ ಮೇಲಿಟ್ಟುಕೊಂಡರು, ಸುಮ್ಮನೆ ಕೂತರು. ಹತ್ತು ನಿಮಿಷವಾಯಿತು. ಚಹಾ ಬಂತು, ಕುಡಿದೆವು. ಅವಲಕ್ಕಿ ಬಂತು, ತಿಂದೆವು. ಒಳಗಿನಿಂದ ಕಾಕೂ "ಏನಂತ್ರೀ ಅದು?" ಎಂದು ಕೂಗಿದರು. "ತಡಿಯ, ಇನ್ನೂ ಬಂದಿಲ್ಲ" ಅಂದರು ಇವರು. ಅರ್ಧ ಗಂಟೆಗೆ ನನ್ನ ನಿಯಮ ಮುರಿದುಬಿತ್ತು.

"ಕಾಕಾ, ಯಾಕ ಸುಮ್ಮನ ಕುಂತೀರಿ?"

"ಗುಂಡಗ ಬಂದೈತಲ್ಲ ತಂಗಿ? ಫೋನಿನ್ಯಾಗ ಗುಂಡಗ ಬಂತಂದ್ರ ತಡೀಬೇಕು ಅಂತ ಅಲ್ಲೇನು? ನಮ್ಮ ಕಡೆ ನೆಟ್ ಕಮ್ಮಿ ನೋಡು, ಪಾಪ, ಅದಕ್ಕ ತಿರಗಾಕೂ ತ್ರಾಸಾಗೈತಿ."

ಸಾಹೇಬರಿಗೆ ಫೋನು ಮಾಡಿ ಹೇಳಿದೆ. "ಜನಕ್ಕೆ ತಾಳ್ಮೆ ಇಲ್ಲ ಅಂತ ಬರ್ಕೊಳ್ಳಿ" ಅಂದರು. ನಾನು ಎಲೆಯ ಕಡೆ ನೋಡಿದೆ. ಅಲ್ಲಿ ತಾಳ್ಮೆ ಇಲ್ಲದೆ ಇದ್ದದ್ದು ಹುಳಕ್ಕೆ ಮಾತ್ರ. ಅದು ಆಗಲೇ ಅರ್ಧ ಎಲೆ ಮುಗಿಸಿತ್ತು.

ಹಾವೇರಿ: ಮಾಲೆ ಯಾರ ಕೊರಳಿಗೆ

ಹಾವೇರಿಯಲ್ಲಿ ಏಲಕ್ಕಿ ಮಾಲೆ ಕಟ್ಟುವ ಒಂದು ಮನೆಗೆ ಹೋದೆ. ಮನೆಯಾಕೆ ಜಾಣೆ, ಪರದೆಯ ಆ ವೃತ್ತವನ್ನು ಎರಡೇ ನಿಮಿಷದಲ್ಲಿ ಒತ್ತಿಬಿಟ್ಟಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಸಾಹೇಬರು ಗೆದ್ದುಬಿಡುತ್ತಾರಲ್ಲ ಅನ್ನುವುದೂ ಮರೆತುಹೋಯಿತು.

"ಅಕ್ಕಾ, ಈಗ ನೆಲದ ಮ್ಯಾಲ ಮಾಲಿ ಇಟ್ಟು ಫೋಟೋ ಹೊಡೀರಿ" ಅಂದೆ.

"ನೆಲದ ಮ್ಯಾಲ? ಮಾಲಿ?" ಎಂದು ಅವಳು ನನ್ನನ್ನು ಯಾವ ಮನೆಯಲ್ಲಿ ಬೆಳೆಸಿದರಪ್ಪ ಅನ್ನುವಂತೆ ನೋಡಿದಳು. "ದೇವರಿಗೆ, ದೊಡ್ಡವರಿಗೆ ಹಾಕೋದದು. ನೆಲಕ್ಕ ಹೆಂಗ ಇಡೂದು? ಬರ್ರಿ ಇಲ್ಲೆ" ಎಂದು ಒಳಗೆ ಏಲಕ್ಕಿ ಆರಿಸುತ್ತಿದ್ದ ಗಂಡನನ್ನು ಕರೆದು, ಕೂಡಿಸಿ, ತಲೆ ಬಾಚಿ, ಕೊರಳಿಗೆ ಮಾಲೆ ಹಾಕಿ ಫೋಟೋ ಹೊಡೆದಳು. ಗಂಡನೂ ಸನ್ಮಾನಕ್ಕೆ ಕೂತವರ ಹಾಗೆ ಗತ್ತಿನಿಂದಲೇ ಕೂತ.

ನಮ್ಮ ಆ್ಯಪಿಗೆ ಮಾಲೆ ಕಾಣಲಿಲ್ಲ, ಮನುಷ್ಯ ಕಂಡ. ಪರದೆ ತುಂಬ ಮಾಲೆ ಹಾಕಿಸಿಕೊಂಡು ಕೂತ ಮೀಸೆಯ ಗಂಡಸರು ಸಾಲುಗಟ್ಟಿ ಬಂದರು. ಅವಳು ಬೆರಳಿನಿಂದ ಮೇಲೆ ಸರಿಸಿದಳು, ಇನ್ನಷ್ಟು ಗಂಡಸರು ಬಂದರು.

ಫೋಟೋದಲ್ಲಿ ಬೇಕಾದದ್ದನ್ನು ಬೆರಳಿನಿಂದ ಸುತ್ತು ಹಾಕಿ ತೋರಿಸುವ ಹಾಗಿರಬೇಕು, ನಮ್ಮವರು ಯಾವ ವಸ್ತುವನ್ನೂ ಒಂಟಿಯಾಗಿ ಫೋಟೋ ಹೊಡೆಯುವುದಿಲ್ಲ ಎಂದು ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ಒಮ್ಮೆ ಪರದೆ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

"ಇವರಂಥವರು ಇಷ್ಟು ಮಂದಿ ಅದಾರೇನ್ರೀ? ತಗದು ಹಾಕ್ರಿ ಯವ್ವಾ. ನನಗ ಒಬ್ಬರ ಸಾಕಾಗ್ಯಾರ."

ರಾಣೆಬೆನ್ನೂರು: ಬೋಲ್ಟಿನ ಜಾತಕ

ರಾಣೆಬೆನ್ನೂರಿನಲ್ಲಿ ಪಂಪಿನ ಬಿಡಿಭಾಗ ಮಾರುವ ಒಂದು ಅಂಗಡಿಗೆ ಹೋಗಬೇಕಿತ್ತು. ಪರೀಕ್ಷೆಗೆ ಇರಲಿ ಎಂದು ಕರ್ಜಗಿಯ ನಮ್ಮ ಮಾವನ ಹೊಲದಿಂದ ಒಂದು ಹಳೆಯ ಬೋಲ್ಟು ಇಸಕೊಂಡು ಹೋಗಿದ್ದೆ. ಅಂಗಡಿಯ ಮಾಲೀಕರು ಎಪ್ಪತ್ತರ ಆಸುಪಾಸಿನವರು, ಕನ್ನಡಕ ಹಣೆಯ ಮೇಲೆ. ಹಿಂದೆ ಗೋಡೆಯ ತುಂಬ ಡಬ್ಬಿಗಳು, ಒಂದರ ಮೇಲೂ ಚೀಟಿ ಇಲ್ಲ.

ಅವರು ಫೋಟೋ ಹೊಡೆದರು. ಆ್ಯಪ್ ಗೆದ್ದಿತು. ಅದೇ ಬೋಲ್ಟು, ಸಿಗುವ ಅಂಗಡಿ, ಎಲ್ಲ ಬಂತು. ಅಂಗಡಿ ಇದ್ದದ್ದು ದಿಲ್ಲಿಯಲ್ಲಿ.

ಮಾಲೀಕರ ಮುಖ ಕೆಂಪಾಯಿತು. "ನನ್ನ ಅಂಗಡಿ ಒಳಗ ನಿಂತು, ನನ್ನ ಗಲ್ಲೆ ಮ್ಯಾಲ ಬೋಲ್ಟ ಇಟ್ಟು ಕೇಳಿದ್ರ, ದಿಲ್ಲಿಗೆ ಹೋಗು ಅಂತೈತಲ್ಲ ನಿಮ್ಮ ಮಿಶಿನ್ನು! ಹಿಂದ ಹೊಳ್ಳಿ ನೋಡಂತ ಹೇಳ್ರಿ ಅದಕ್ಕ!"

ಹತ್ತಿರದ ಅಂಗಡಿಯನ್ನು ಮೊದಲು ತೋರಿಸಬೇಕು ಎಂದು ಬರೆದುಕೊಂಡೆ. ಆದರೂ ಕಂಪನಿಯ ಉಪ್ಪು ತಿಂದವಳು ನಾನು. "ಕಾಕಾ, ಒಂದು ಫೋಟೋ ನೋಡಿ ಅಷ್ಟರ ಹೇಳ್ತಲ್ರಿ" ಅಂದೆ.

ಅವರು ಬೋಲ್ಟನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಣೆಯ ಮೇಲೇ ಇತ್ತು. ಹೆಬ್ಬೆರಳಿನಿಂದ ಅದರ ತಿರುಪಿನ ಸುತ್ತುಗಳ ಮೇಲೆ ಒಂದು ಸಲ ಸವರಿ, ಕಣ್ಣು ಮುಚ್ಚಿ ಅಂದರು: "ಐದ ಎಚ್‌ಪಿ ಪಂಪು. ಎಡಗಡಿ ಕಾಲಿಂದು. ಇದು ಕರ್ಜಗಿಯಾಗ ಹಳ್ಳದ ಬಾಜೂಕ ಒಂದ ಹೊಲ ಐತಲ್ಲ, ಅಲ್ಲಿದು. ಹೋದ ವರ್ಷ ನಾನ ಕೊಟ್ಟಿದ್ದು. ನೀವೇನಾಗಬೇಕು ಅವರಿಗೆ?"

"ಸೊಸಿ ಆಗಬೇಕ್ರಿ" ಅಂದೆ, ದನಿ ಸಣ್ಣದಾಗಿತ್ತು.

"ಮಾವಗ ಹೇಳ್ರಿ, ಗ್ರೀಸ್ ಹಚ್ಚಂತ. ಅದನ್ನೂ ಫೋನಿನ್ಯಾಗ ಕೇಳ್ತಾನ ಏನೋ ಮತ್ತ."

ಮತ್ತೆ ಹಾವೇರಿ: ಶುಕ್ರವಾರದ ನಗು

ಪ್ರತಿ ಪರೀಕ್ಷೆ ಮುಗಿದ ಮೇಲೆ ಪರದೆಯ ಮೇಲೆ ಐದು ಮುಖಗಳು ಬರುತ್ತವೆ. ಒಂದು ತುದಿಗೆ ಅಳುವ ಮುಖ, ಇನ್ನೊಂದು ತುದಿಗೆ ಹಲ್ಲು ಕಿರಿಯುವ ಮುಖ. ನಿಮಗೆ ಹೇಗನ್ನಿಸಿತೋ ಅದನ್ನು ಒತ್ತಿ. ಅರ್ಧ ಗಂಟೆ ಕಾದ ಗುತ್ತಲದ ಕಾಕಾ ನಗುವ ಮುಖ ಒತ್ತಿದ್ದರು. ಮೀಸೆಯವರನ್ನು ಕಂಡು ಸಾಕಾದವಳೂ ನಗುವ ಮುಖವನ್ನೇ ಒತ್ತಿದ್ದಳು. ದಿಲ್ಲಿಗೆ ಹೋಗು ಅನ್ನಿಸಿಕೊಂಡವರು ಕೂಡ, ಬಯ್ಯುತ್ತಲೇ, ನಗುವ ಮುಖ.

ನನ್ನ ತವರಿನ ಓಣಿಯಲ್ಲಿ ಒಬ್ಬ ಅತ್ತೆ ಇದ್ದಾರೆ, ಜಂಪರ್ ಹೊಲಿಯುತ್ತಾರೆ. ಒಂದು ಕಸೂತಿಯ ಮಾದರಿ ಹುಡುಕಲು ಮೂರು ಸಲ ಪ್ರಯತ್ನಪಟ್ಟರು. ಮೊದಲು ಕಿಟಕಿಯ ಪರದೆ ಬಂತು, ಆಮೇಲೆ ಕಾಲೊರೆಸು ಬಂತು, ಕೊನೆಗೆ ಏನೂ ಬರಲಿಲ್ಲ. ನಿಟ್ಟುಸಿರು ಬಿಟ್ಟು ನಗುವ ಮುಖ ಒತ್ತಿದರು.

"ಅತ್ತೀ, ಖರೇ ಹೇಳ್ರಿ, ಅಳೋ ಮುಖ ಯಾಕ ಒತ್ತಲಿಲ್ಲ?"

"ಶುಕ್ರಾರ ದೀಪ ಹಚ್ಚೋ ಹೊತ್ತಿನ್ಯಾಗ ಮುತ್ತೈದಿ ಕೈಲೆ ಅಳೋ ಮುಖ ಒತ್ತಸ್ತಿ ಏನ? ನಿನಗೇನರ ತಿಳೀತೈತಿಲ್ಲೊ?"

ಇತ್ತ ಸಾಹೇಬರು ಎಲ್ಲ ನಗುವ ಮುಖಗಳನ್ನೂ ಒಟ್ಟು ಮಾಡಿ ಆಫೀಸಿನ ಗೋಡೆಗೆ ಅಂಟಿಸಿದ್ದರು. ಸರ್, ಅವತ್ತು ಶುಕ್ರವಾರ ಇತ್ತು, ಅಂದೆ. ಬೇರೆ ದಿನ ಹೋಗಿ, ಅಂದರು. ಹೋದೆ. ಶನಿವಾರವೂ ನಕ್ಕರು, ರವಿವಾರವೂ ನಕ್ಕರು. ಮನೆಗೆ ಬಂದು, ಚಹಾ ಕುಡಿದು ಹೊರಟವಳ ಮುಂದೆ ನಿನ್ನ ಸಾಮಾನು ಕೆಟ್ಟೈತಿ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಎಡವಿದ್ದನ್ನೆಲ್ಲ ಬರೆದು ಕಳಿಸಿದ್ದೆ, ಆದರೆ ಸಾಹೇಬರು ಗೋಡೆಯ ಕಡೆ ಬೆರಳು ಮಾಡುತ್ತಿದ್ದರು.

ಅಡುಗೆಮನೆಯಲ್ಲಿ ಅವ್ವ ಇದನ್ನೆಲ್ಲ ಕೇಳಿ ನಕ್ಕಳು. "ಬೀಗರಿಗೆ ಛಲೋ ಅಂತಾರ, ಮನಿ ಮಂದಿಗೆ ಖರೇ ಹೇಳ್ತಾರ. ನೀ ಕುರ್ಚಿ ಮ್ಯಾಲ ಕುಂತು ಕೇಳಬ್ಯಾಡ, ಅವರ ಕೂಡ ಕೆಲಸಕ್ಕ ಕುಂದ್ರು. ಹೊಸದಾಗಿ ಮದಿವ್ಯಾದಾಗ ನಿಮ್ಮತ್ತಿ ಉಪ್ಪಿಟ್ಟಿಗೆ ಭಾಳ ಛಲೋ ಆಗೇತ್ರಿ ಅಂತಿದ್ದಿ. ಈಗೇನಂತಿ?"

ಬ್ಯಾಡಗಿ: ಕುರ್ಚಿ

ಅವ್ವನ ಮಾತು ಕೇಳಿ ಬ್ಯಾಡಗಿಗೆ ಹೋದೆ. ಅಲ್ಲಿ ಒಂದು ಗೋದಾಮಿನಲ್ಲಿ ಏಳು ಜನ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಎಲ್ಲರಿಗೂ ಹಿರಿಯಳು ಒಬ್ಬ ಆಯಿ. ಮೂರು ದಿನ ಅವರ ಜೊತೆ ನೆಲಕ್ಕೆ ಕೂತು ತೊಟ್ಟು ಮುರಿದೆ. ಮೊದಲನೇ ದಿನ ಆ್ಯಪ್ ಛಲೋ ಇತ್ತು. ಎರಡನೇ ದಿನ "ಒಂಚೂರು ತ್ರಾಸ ಐತಿ" ಅಂದರು. ಮೂರನೇ ದಿನ ಅವರು ಬಯ್ದದ್ದನ್ನು ಬರೆಯಲು ನನ್ನ ಪುಸ್ತಕ ಸಾಲಲಿಲ್ಲ. ಅದನ್ನೆಲ್ಲ ಚಾಚೂ ತಪ್ಪದೆ ಕಳಿಸಿದೆ. ತರಬೇತಿಯ ವಾಕ್ಯ ಬರೆಯಲಿಲ್ಲ.

ಸಾಹೇಬರು ನಂಬಲಿಲ್ಲ. ನೀವೇ ಹೇಳಿಕೊಟ್ಟಿರುತ್ತೀರಿ ಎಂದು ಶುಕ್ರವಾರ ತಾವೇ ಬಿಳಿ ಅಂಗಿ ಹಾಕಿಕೊಂಡು ಕಾರಿನಲ್ಲಿ ಬಂದಿಳಿದರು. ಇವತ್ತು ತೀರ್ಮಾನ ಆಗಿಬಿಡಲಿ ಅಂದರು. ಆಗಲಿ ಅಂದೆ. ಚೀಲದಲ್ಲಿ ರಾಜೀನಾಮೆ ಪತ್ರ ಬರೆದೇ ಇಟ್ಟುಕೊಂಡಿದ್ದೆ.

ಗೋದಾಮಿಗೆ ದೊಡ್ಡ ಮನುಷ್ಯರು ಬಂದರೆಂದು ಎಲ್ಲಿಂದಲೋ ಒಂದು ಕುರ್ಚಿ ಬಂತು, ಒರೆಸಿದರು. ಚಹಾ ಬಂತು. ಸಾಹೇಬರು ಕುರ್ಚಿಯಲ್ಲಿ ಕೂತು ಆಯಿಗೆ ಫೋನು ಕೊಟ್ಟರು. ಆಯಿ ಬಿಳಿ ಪರದೆಯ ನಾಲ್ಕೂ ಮೂಲೆ ಒತ್ತಿದಳು, ನಡುವೆ ಒತ್ತಿದಳು, ವೃತ್ತವೊಂದನ್ನು ಬಿಟ್ಟು ಎಲ್ಲ ಕಡೆ ಒತ್ತಿದಳು. ಕೊನೆಗೆ ಸಾಹೇಬರೇ ಒತ್ತಿದರು, ಸಾಹೇಬರೇ ಮೆಣಸಿನಕಾಯಿಯ ಫೋಟೋ ಹೊಡೆದರು.

"ಹೇಗಿದೆ ಅಮ್ಮ?"

"ಭಾಳ ಛಲೋ ಐತ್ರಿ ಸಾಹೇಬ್ರ."

ಉಳಿದ ಆರು ಜನರೂ "ಛಲೋ ಐತ್ರಿ" ಅಂದರು. ಸಾಹೇಬರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಸರ್, ಕುರ್ಚಿ ಬಿಟ್ಟು ಒಂದು ತಾಸು ಕೆಳಗೆ ಕೂತ್ಕೊಳ್ಳಿ. ಆಮೇಲೆ ಮತ್ತೆ ಕೇಳಿ. ಆಗಲೂ ಛಲೋ ಅಂದರೆ ನೀವು ಹೇಳಿದ ವಾಕ್ಯ ಬರೆದುಕೊಡ್ತೀನಿ" ಅಂದೆ.

ಗೆದ್ದವರಿಗೆ ಧಾರಾಳತನ ಜಾಸ್ತಿ. ಕೂತರು. ಆಯಿ ಅವರ ಮುಂದೆ ಒಂದು ರಾಶಿ ಸರಿಸಿದಳು. ಅವರು ಒಂದು ತೊಟ್ಟು ಮುರಿಯುವಷ್ಟರಲ್ಲಿ ಆಯಿ ಹತ್ತು ಮುರಿಯುತ್ತಿದ್ದಳು. ಹತ್ತು ನಿಮಿಷಕ್ಕೆ ಸೀನು ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ಬೆವರು ಬಂತು. ಬೆವರು ಒರೆಸಲು ಹೋಗಿ, ಅದೇ ಕೈಯಿಂದ, ಎರಡೂ ಕಣ್ಣು ತಿಕ್ಕಿಕೊಂಡರು.

ಆ ಕೂಗು ನಾನು ಬರೆಯಲಾರೆ. ಆಯಿ ಜಿಗಿದೆದ್ದು, ಅವರ ತಲೆ ಹಿಡಿದು, ತಂಬಿಗೆ ನೀರು ಸುರಿದು, ಸೆರಗಿನಿಂದ ಒತ್ತಿ ಒತ್ತಿ ಒರೆಸಿದಳು. "ತಿಕ್ಕಬ್ಯಾಡೋ ನಮ್ಮಪ್ಪಾ! ಸುಮ್ಮನ ಕುಂದ್ರು! ಏನ್ ಹುಡುಗ ಅದಾನಪಾ ಇಂವಾ!" ಸಾಹೇಬರು ಹೋಗಿ ಹುಡುಗ ಆಗಿದ್ದರು.

ತಾಸು ಮುಗಿಯಿತು. ಒಂದು ಕಣ್ಣು ಅರ್ಧ ತೆರೆದುಕೊಂಡು ಸಾಹೇಬರು ಕೇಳಿದರು: "ಅಮ್ಮಾ, ನಿಜ ಹೇಳಿ. ಹೇಗಿದೆ?"

"ಖರೇ ಹೇಳ್ಲೇನೋ ತಮ್ಮಾ?" ಆಯಿ ಕೈ ನಿಲ್ಲಿಸಲಿಲ್ಲ, ತೊಟ್ಟು ಮುರಿಯುತ್ತಲೇ ಇದ್ದಳು. "ಮನಿ ಚಂದ ಕಟ್ಟೀದಿ, ಬಾಗಲಾ ಎಲ್ಲೈತಿ ಅನ್ನೋದ ತಿಳಿಯವಲ್ದು. ಆ ಗುಂಡಂದರ ಮ್ಯಾಲ 'ಇಲ್ಲಿ ಒತ್ತರಿ' ಅಂತ ಕನ್ನಡದಾಗ ಬರದಿದ್ರ ನಿನ್ನ ಗಂಟೇನು ಹೋಗ್ತಿತ್ತು? ಇನ್ನ ಒಳಗರೆ ಏನೈತಿ? ಗಿಡ್ಡ ದಪ್ಪನ್ನ ಡಬ್ಬಿ ಮೆಣಸಿನಕಾಯಿ ತೋರಿಸಿದ್ರೂ ಕೆಂಪು ಮೆಣಸಿನಕಾಯಿ ಅಂತೈತಿ, ಸಣ್ಣ ಉದ್ದನ್ನ ಕಡ್ಡಿ ತೋರಿಸಿದ್ರೂ ಕೆಂಪು ಮೆಣಸಿನಕಾಯಿ ಅಂತೈತಿ. ಕೆಂಪು ಐತಿ ಅನ್ನೋದು ನಮಗೂ ಕಾಣತೈತಲ್ಲೋ!"

ನಾನು ಫೋನಿನಲ್ಲಿ ಪರೀಕ್ಷೆ ಮುಗಿಸಿದ್ದೇ ಪರದೆಯ ಮೇಲೆ ಐದು ಮುಖಗಳು ಬಂದವು. ಆಯಿ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಅಳುವ ಮುಖ ನೋಡಿದಳು, ನೀರು ಸುರಿಸುತ್ತಿದ್ದ ಸಾಹೇಬರ ಮುಖ ನೋಡಿದಳು, ಒತ್ತಿಯೇಬಿಟ್ಟಳು. ನನ್ನ ಇಡೀ ತಿರುಗಾಟದಲ್ಲಿ ಸಿಕ್ಕ ಮೊದಲ ಅಳುವ ಮುಖ ಅದು.

"ಆಯಿ, ಇವತ್ತ ಶುಕ್ರಾರ ಐತಿ" ಅಂದೆ.

"ಮನಿ ಮಂದಿಗೆ ಎಂಥಾ ವಾರ ಬಿಡವಾ."

ಸಾಹೇಬರಿಗೆ ತಡೆಯಲಾಗಲಿಲ್ಲ. "ಮತ್ತೆ ಆಗ ಛಲೋ ಐತಿ ಅಂದ್ರಲ್ಲ ಅಮ್ಮ?"

"ಆಗ ನೀ ಕುರ್ಚಿ ಮ್ಯಾಲಿದ್ದಿ."

ವರದಿಯನ್ನು ಅಲ್ಲೇ, ಮೆಣಸಿನಕಾಯಿ ಚೀಲದ ಮೇಲೆ ಕೂತು ಬರೆದು ಮುಗಿಸಿದೆ. ವೃತ್ತದ ಮೇಲೆ ಕನ್ನಡ ಅಕ್ಷರ ಬರಬೇಕು, ಬೆರಳಿನ ಸುತ್ತು ಬರಬೇಕು, ಹತ್ತಿರದ ಅಂಗಡಿ ಮೊದಲು ಬರಬೇಕು, ಡಬ್ಬಿ ಬೇರೆ ಕಡ್ಡಿ ಬೇರೆ ಆಗಬೇಕು. ಕೊನೆಗೆ ತರಬೇತಿಯ ವಾಕ್ಯವನ್ನೂ ಬರೆದೆ, ನನಗೆ ಹಟ ಏನಿಲ್ಲ. ಪರದೆ ಸರಿಯಾಗಿದೆ ಅನ್ನುವುದನ್ನು ಹೊಡೆದು ಹಾಕಿ, 'ಬಳಕೆದಾರರಿಗೆ' ಅನ್ನುವುದರ ಜಾಗದಲ್ಲಿ 'ನಮಗೆ' ಎಂದು ಹಾಕಿದೆ. ಸಾಹೇಬರು ಒಂದು ಕಣ್ಣಿನಿಂದ ಓದಿ, "ಎಷ್ಟು ದಿನದ ತರಬೇತಿ ಅಂತ ಹಾಕಿಲ್ವಲ್ಲ" ಅಂದರು.

ನಾನು ಬಾಯಿ ತೆರೆಯುವುದರೊಳಗೆ ಆಯಿ ಅವರ ಮುಂದಿನ ರಾಶಿಯನ್ನು ಕಾಲಿನಿಂದ ಇನ್ನಷ್ಟು ಹತ್ತಿರ ತಳ್ಳಿದಳು.

"ಚೀಲ ಮುಗಿಯೂತನಕ ಅಂತ ಬರಿಯವಾ."