ಚಪ್ಪಾಳೆಯ ಕ್ಯಾಸೆಟ್

"ಬಂದ್ ಮಾಡ್ಬೇಡಿ, ಇನ್ನೂ ಚಪ್ಪಾಳೆ ಬರ್ಲಿಲ್ಲ."

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೆಯ ಮಾತು ಇದು. ಕ್ಯಾಸೆಟ್ಟಿನಲ್ಲಿ ಹಾಡು ಮುಗಿದು ಚಪ್ಪಾಳೆ ಬಂತು. ಆಗ ಅವಳು ಇರಲಿಲ್ಲ. ಕೆಲವರಿಗೆ ಕೊನೆಗೆ ದೇವರ ಹೆಸರು ಬರುತ್ತದಂತೆ. ನಮ್ಮ ಮನೆಯಲ್ಲಿ ಯಾವುದೂ ಹಾಗೆ ಸರಿಯಾಗಿ ಆದದ್ದಿಲ್ಲ. ಆ ಕ್ಯಾಸೆಟ್ ಬಂದ ಮೇಲಂತೂ ಕೇಳುವುದೇ ಬೇಡ.

೧. ಬಂದದ್ದು

ಮುಂಬಯಿಯ ಭಾಂಡುಪಿನಲ್ಲಿ ನಮ್ಮ ಚಾಳಿನ ಕೋಣೆಗೆ ಮೈಸೂರಿನ ಬ್ಯಾಂಕಿನವನೊಬ್ಬ ಊಟಕ್ಕೆ ಬರುತ್ತಿದ್ದ. ವರ್ಗವಾಗಿ ಹೋಗುವ ದಿನ ನಮ್ಮ ಟೇಪಿಗೆ ಒಂದು ಕ್ಯಾಸೆಟ್ ಹಾಕಿದ. ಪ್ರೋಗ್ರೆಸಿವ್ ರಾಕ್ ಅಂತೆ. ಲೈವ್ ಆಲ್ಬಮ್ ಅಂತೆ. ಇಂಗ್ಲೆಂಡಿನ ಬ್ಯಾಂಡು ಸಾವಿರಾರು ಜನರ ಎದುರು ನುಡಿಸುವಾಗಲೇ ಹಿಡಿದದ್ದು. ಒಂದೇ ಹಾಡು, ಮುಗಿಯುವುದೇ ಇಲ್ಲ. ನಡುವೆ ಡ್ರಮ್ಮಿನವ ಒಬ್ಬನೇ ಬಾರಿಸುತ್ತಲೇ ಇದ್ದ.

"ಉಳಿದವರು ಚಾ ಕುಡಿಯಲಿಕ್ಕೆ ಹೋಗಿರ್ಬೇಕು, ಮಾರಾಯ್ರೆ" ಎಂದಳು ಹೆಂಡತಿ. ಇನ್ನೊಮ್ಮೆ ಬೇಕು ಎಂದೂ ಹೇಳಿದಳು. ಮುಂದೆ ಬಂದಾಗ ಒಯ್ಯುತ್ತೇನೆ, ಜೋಪಾನ ಎಂದು ಅವನು ಬಿಟ್ಟುಹೋದ.

೨. ಅನ್ನ

ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಹಾಡಿಗೆ ಅಕ್ಕಿ ಇಡುವುದು, ಚಪ್ಪಾಳೆಗೆ ಇಳಿಸುವುದು. ಒಂದು ದಿನ ಟೇಪಿನ ಸೆಲ್ ಇಳಿಯಿತು. ಹಾಡು ಎಳೆಯಿತು, ಎಳೆಯಿತು. ಅನ್ನ ಗಂಜಿಯಾಯಿತು.

ಬಡಿಸುತ್ತ ಅಂದಳು, "ನಾನು ಎಂತ ಮಾಡ್ಲಿ? ಇವತ್ತು ಅವರೇ ನಿಧಾನ."

೩. ಹೋಟೆಲು

ನಾನು ಮುಲುಂಡಿನ ಉಡುಪಿ ಹೋಟೆಲಿನಲ್ಲಿ ದೋಸೆ ಹಾಕುವವ. ಮಧ್ಯಾಹ್ನ ಹೊರಗೆ ಸಾಲು ನಿಂತರೂ ಒಳಗಿನವರು ತಿಂದು ಏಳುತ್ತಿರಲಿಲ್ಲ. ಧಣಿಗಳು ಉಪಾಯ ಕೇಳಿದರು. ಕ್ಯಾಸೆಟ್ ಒಯ್ದೆ. ಡ್ರಮ್ ಶುರುವಾದದ್ದೇ ಎಲ್ಲರ ಕೈ ಬಾಯಿಗೆ ಬೇಗ ಬೇಗ ಹೋಯಿತು. ಟೇಬಲ್‌ಗಳು ಖಾಲಿ. ಧಣಿಗಳಿಗೆ ಖುಷಿ.

ಅಷ್ಟರಲ್ಲಿ ಕಾಲೇಜಿನವರು ನಾಲ್ವರು ಬಂದು, ಎರಡು ಚಾ ಹಂಚಿಕೊಂಡು, ಕಣ್ಣು ಮುಚ್ಚಿ ಕೂತರು. ಮರುದಿನ ಅರ್ಧ ಕಾಲೇಜು ಬಂತು. ಅದೇ ಎರಡು ಚಾ.

ಧಣಿಗಳು ಕ್ಯಾಸೆಟ್ ನನ್ನ ಕೈಗಿಟ್ಟು, ಇದನ್ನು ಎದುರಿನ ಹೋಟೆಲಿನವನಿಗೆ ಕೊಡು ಎಂದರು.

೪. ಬ್ಯಾಂಕಿನವ ಮತ್ತೆ ಬಂದದ್ದು

ಅವಳು ಹೋದ ಸುದ್ದಿ ಕೇಳಿ ಬ್ಯಾಂಕಿನವ ಬಂದ. ನನಗೆ ಹೆದರಿಕೆ. ಮನೆಯಿಂದ ಬೇರೆ ಯಾವುದು ಹೋದರೂ ಅಡ್ಡಿಯಿಲ್ಲ, ಆ ಕ್ಯಾಸೆಟ್ ಕೊಡಲು ಮನಸ್ಸಿಲ್ಲ. ಆದರೆ ಅವನ ವಸ್ತು. ಒರೆಸಿ ಅವನ ಎದುರಿಗಿಟ್ಟೆ.

ಹಾಕಿ ನೋಡಿದ. ಕಿರ್‍ರೆಂದಿತು. ಈ ಬದಿ ಪೂರ್ತಿ ಸವೆದಿದೆ, ಆ ಬದಿ ಹೇಗಿದೆ ಎಂದು ಕೇಳಿದ. ಆ ಬದಿ ನಾವು ಹಾಕಲೇ ಇಲ್ಲ ಎಂದೆ.

"ಇಷ್ಟು ವರ್ಷ ಒಂದ್ಸಲಾನೂ ತಿರುಗಿಸಿ ಹಾಕ್ಲಿಲ್ವಾ, ಅಂಕಲ್?"

"ಚಪ್ಪಾಳೆ ಆಯ್ತಲ್ಲ. ಜನ ಎದ್ದು ಮನೆಗೆ ಹೋದ್ರು. ಇನ್ನು ಬಾರಿಸು ಅಂದ್ರೆ ಆ ಡ್ರಮ್ಮಿನವ ಎಂತ ಹೇಳಿಯಾನು ಅಂತ ಅವಳು ಬಿಡ್ತಿರ್ಲಿಲ್ಲ."

ಅವನು ನಗಲು ಹೋಗಿ ಕಣ್ಣು ಒರೆಸಿಕೊಂಡ. ಕ್ಯಾಸೆಟ್ ತೆಗೆದು ನನ್ನ ಕೈಗೇ ಕೊಟ್ಟ.

"ನಿಮ್ದು ಇನ್ನೂ ಅರ್ಧ ಬಾಕಿ ಇದೆ. ಇಟ್ಕೊಳ್ಳಿ."

ಮರುದಿನ ಬೆಳಿಗ್ಗೆ ತಿರುಗಿಸಿ ಹಾಕಿದೆ. ಒಬ್ಬ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಷ್ಟೂ ಜನ ನಕ್ಕರು. ನನಗೆ ಒಂದಕ್ಷರ ತಿಳಿಯಲಿಲ್ಲ. ನಾನೂ ನಕ್ಕೆ.