ಸ್ವಂತ ಹೊಲದಲ್ಲಿ ಚಕ್ಕಡಿ ಸಂಸಾರ

ಸರಕಾರದ ಕಾಯ್ದೆಗೆ ಸಾಹುಕಾರರ ತೋಟದ ಹಾದಿ ಗೊತ್ತಿರುವುದಿಲ್ಲ. ನನ್ನಂಥವನ ಹೊಲಕ್ಕೆ ಮಾತ್ರ ಕತ್ತಲಲ್ಲೂ ತಪ್ಪದೆ ಬರುತ್ತದೆ. ಹೀಗಾಗಿ ಇಂಥ ಫಜೀತಿಗಳು ನನಗೆ ಒಂದರ ಹಿಂದೊಂದು ಆಗುತ್ತಲೇ ಬಂದವು. ಕೇಳಿದ ಮಂದಿ ನಗುತ್ತಾರೆ. ನಗಲಿ, ನನಗಂತೂ ಇನ್ನೂ ಹೊಟ್ಟೆ ಉರಿಯುತ್ತದೆ.

ಅಣ್ಣ ನಾನು ಬೇರೆಯಾದಾಗ ಊರೊಳಗಿನ ಮನೆ ಅಣ್ಣನಿಗೆ ಹೋಯಿತು. ಅಂಕಲಗಿ ಹಾದಿಯ ಹೊಲ, ಜೋಡೆತ್ತು, ಒಂದು ಚಕ್ಕಡಿ ನನಗೆ ಬಂದವು. ಮೂಡಲಗಿಯಿಂದ ಬೆಲ್ಲ ಹೇರಿಕೊಂಡು ಗೋಕಾಕಿಗೆ ಹೊಡೆಯುವುದು ನನ್ನ ಕಸುಬು. ಹೆಂಡತಿ ಹುಕ್ಕೇರಿ ಕಡೆಯವಳು, ಮಾತು ಖಡಕ್. "ಇನ್ನ ಮ್ಯಾಲೆ ಮಂದಿ ಒಲಿ ಮುಂದ ನಾ ಕುಂದ್ರಂಗಿಲ್ಲ. ನಮ್ಮ ಹೊಲದಾಗ ನಂದ ಒಂದು ಒಲಿ ಆಗ್ಬೇಕು" ಎಂದಳು. ಅವಳು ಜೀವನದಲ್ಲಿ ಕೇಳಿದ್ದು ಅದೊಂದೇ. ಮನೆ ಕಟ್ಟುವ ತಾಕತ್ತು ನನಗೆಲ್ಲಿ? ಚಕ್ಕಡಿಗೆ ಬಿದಿರಿನ ಕಮಾನು ಬಗ್ಗಿಸಿ, ಚಾಪೆ ಹೊದಿಸಿ, ಸುತ್ತ ಗೋಣಿತಟ್ಟು ಇಳಿಬಿಟ್ಟು, ಹೇರು ಇಳಿಸಿ ಬಂದ ಮೇಲೆ ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಿದ್ದೆ. ಒಳಗೆ ಮಲಗುವುದು, ಬಾಜೂಕ್ಕೆ ಅಡುಗೆ. ನಾವು ಸುಖವಾಗಿಯೇ ಇದ್ದೆವು.

ಕಾವಲೋ ಸಂಸಾರವೋ

ಮೊದಲು ಬಂದವನು ಊರ ಲೆಕ್ಕ ನೋಡುವ ಕುಲಕರ್ಣಿ.

"ಏನಪಾ, ಬೆಳಿ ಬೆಳಿಯೂ ಜಮೀನದಾಗ ಮನಿ ಮಾಡೀಯಲ್ಲ? ಇಲ್ಲಿ ಇರಾಕ ತಾಲೂಕಿನ ಮಾಮಲೇದಾರ ಸಾಹೇಬರ ಅಪ್ಪಣಿ ಬೇಕು."

"ಮನಿ ಎಲ್ಲೈತ್ರಿ ರಾಯರ? ಜ್ವಾಳಾ ಕಾಯಾಕತ್ತೇನಿ" ಎಂದೆ.

"ಕಾಯಾಕ ಅಡ್ಡಿ ಇಲ್ಲ. ಆದ್ರ ಹೆಂಡ್ತಿ ಜೋಡಿ ಇದ್ರ ಅದು ಕಾವಲಲ್ಲ, ಸಂಸಾರ. ಸಂಸಾರ ಇದ್ದಲ್ಲಿ ಮನಿ."

ಹೆಂಡತಿ ಗೋಣಿತಟ್ಟಿನ ಹಿಂದಿನಿಂದಲೇ ಹೇಳಿದಳು: "ಹಂಗಾದ್ರ ಕಾವಲಕ್ಕ ನಾ ಇರ್ತೇನ್ರಿ. ಅವರು ಉಣ್ಣಾಕಷ್ಟ ಬರ್ತಾರ."

ಕುಲಕರ್ಣಿ ಪಗಡಿಯೊಳಗೆ ಬೆರಳು ತೂರಿಸಿ ಬಹಳ ಹೊತ್ತು ತಲೆ ಕೆರೆದುಕೊಂಡ. "ಬರ್ಲಿ. ಆದ್ರ ನೀವಿಬ್ಬರೂ ನಕ್ಕೋತ ಮಾತಾಡೂದು ಕಣ್ಣಿಗೆ ಬಿತ್ತಂದ್ರ ಮ್ಯಾಲೆ ತಿಳಸ್ತೇನಿ" ಎಂದು ಎಚ್ಚರಿಸಿ ಹೋದ.

ಅಂದಿನಿಂದ ಹಾದಿಯಲ್ಲಿ ಅವನ ಪಗಡಿ ಕಂಡರೆ ಸಾಕು, ನಾವು ಗಂಡ ಹೆಂಡತಿ ಇದ್ದ ಕೆಲಸ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದೆವು.

ಗಾಲಿಯ ಪರೀಕ್ಷೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪೂಜಾರಿ ಹೋದ ಮೇಲೆ ಅವನ ಮೇಲಿನವನು ಬಂದ. ಅವನು ಕಂದಾಯದ ಸರ್ಕಲ್ ಸಾಹೇಬ, ಕುದುರೆಯ ಮೇಲೆ ಬಂದಿದ್ದ.

"ಸಾಹೇಬ್ರ, ಇದು ಚಕ್ಕಡಿ ಐತ್ರಿ. ಗಾಲಿ ನೋಡ್ರಿ" ಎಂದು ಕೈಮುಗಿದೆ.

"ಚಕ್ಕಡಿ ಖರೆ ಆದ್ರ ಓಡಬೇಕು. ಹೂಡು, ನೋಡೋಣ."

ನನಗೆ ಖುಷಿಯೋ ಖುಷಿ. ಎತ್ತು ಕಟ್ಟಿ ಬಾಲ ತಿರುವಿದೆ. ಚಕ್ಕಡಿ ಗಡಗಡ ಅಂತ ಹೊರಟಿತು. ಬದುವಿನ ತನಕ ಹೊಡೆದು ಹೆಮ್ಮೆಯಿಂದ ಹಿಂತಿರುಗಿ ನೋಡಿದರೆ, ಗಿಡದ ಕೆಳಗೆ ಬೀಸುವ ಕಲ್ಲು, ನೀರಿನ ಕೊಡ, ಖಾರದ ಗಡಿಗೆ, ಸಗಣಿ ಸಾರಿಸಿದ ನೆಲ, ಕಾವಿಗೆ ಕೂತ ಕೋಳಿ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ, ಎಲ್ಲ ಇದ್ದಲ್ಲೇ ಇದ್ದವು.

ಸರ್ಕಲ್ ಸಾಹೇಬ ಕುದುರೆಯ ಮೇಲಿಂದ ಕೂಗಿದ: "ಚಕ್ಕಡಿ ಹೋತು ಬಿಡೋ, ಮನಿ ಇಲ್ಲೇ ಉಳೀತಲ್ಲ!"

ಸಾಹೇಬರ ಚಹಾ

ಸುಗ್ಗಿಯ ಮುಂದೆ ಮಾಮಲೇದಾರ ಸಾಹೇಬರು ತಿರುಗಾಟಕ್ಕೆ ಬಂದರು. ಡೇರೆ ಹೊಡೆಯಲು ಅವರ ಜನ ಆರಿಸಿದ್ದು ನನ್ನ ಹೊಲವನ್ನೇ. ನೆರಳಿತ್ತಲ್ಲ! ಮಲಗಲು ಒಂದು ಡೇರೆ, ಕಚೇರಿಗೆ ಒಂದು, ಅಡುಗೆಗೆ ಒಂದು. ಕಡಲೆ ಇದ್ದ ಕಡೆ ಕುದುರೆ ಕಟ್ಟಿದರು. ನಾನು ಡೇರೆಯ ಮುಂದೆ ನಿಂತು ಅಹವಾಲು ಹೇಳಿಕೊಂಡೆ.

"ಬೇಸಾಯದ ಭೂಮಿಯಲ್ಲಿ ವಾಸ ಮಾಡೂ ಹಂಗಿಲ್ಲ" ಎಂದರು ಸಾಹೇಬರು, ನನ್ನ ಬೇಸಾಯದ ಭೂಮಿಯಲ್ಲಿ ಆರಾಮ ಕುರ್ಚಿಗೆ ಒರಗಿ. ಸಂಕ್ರಾಂತಿಯೊಳಗೆ ಚಕ್ಕಡಿ ತೆಗೆಯಬೇಕು, ಒಲೆ ಕಿತ್ತುಹಾಕಬೇಕು ಎಂದು ಹುಕುಮ್ ಆಯಿತು.

ಅಷ್ಟರಲ್ಲಿ ಅವರ ಅಡುಗೆಯವನು ನಮ್ಮ ಚಕ್ಕಡಿಗೆ ಓಡಿಬಂದ. ಅವನ ಒಲೆ ಗಾಳಿಗೆ ಆರಿಹೋಗಿತ್ತು. "ಯವ್ವಾ, ಒಂದೀಟ ಕೆಂಡಾ ಕೊಡು. ಸಾಹೇಬರ ಚಾಕ್ಕ ಹೊತ್ತಾತು."

ಹೆಂಡತಿ ಉರಿಯುತ್ತಿದ್ದ ಒಲೆಯ ಮೇಲೆ ಬುಟ್ಟಿ ಕವುಚಿ ಹಾಕುತ್ತ ಹೇಳಿದಳು: "ನಮ್ಮಲ್ಲಿ ಒಲಿ ಎಲ್ಲೈತೋ ಯಪ್ಪಾ? ಇದ್ರ ನಿಮ್ಮ ಸಾಹೇಬರು ಸಿಟ್ಟಾಗ್ತಾರ."

ಬುಟ್ಟಿ ಸುಟ್ಟು ಹೋಯಿತು. ಆದರೂ ಅವಳು ಆ ಬುಟ್ಟಿಗಾಗಿ ಎಂದೂ ಮರುಗಲಿಲ್ಲ.

ಹೊಸ ಊರು

ಸಂಕ್ರಾಂತಿ ಬರುವ ಮೊದಲೇ ಗಡ್ಡೆ ಬೇನೆ, ಅಂದರೆ ಪ್ಲೇಗು, ಬಂತು. ಊರಲ್ಲಿ ಇಲಿ ಬಿದ್ದವು, ಆಮೇಲೆ ಮನುಷ್ಯರು ಬಿದ್ದರು. ಎಲ್ಲರೂ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಊರೊಳಗೆ ಕಂಡವರಿಗೆ ಶಿಕ್ಷೆ ಎಂದು ಡಂಗುರ ಸಾರಿದರು. ನನ್ನ ಹೊಲ ಎತ್ತರದಲ್ಲಿತ್ತು. ಹಾಗಾಗಿ ಅರ್ಧ ಊರು ಅಲ್ಲೇ ಬಂದು ಬಿತ್ತು. ಅಣ್ಣನ ಸಂಸಾರ ಬಂತು, ಕುಲಕರ್ಣಿಯ ಸಂಸಾರವೂ ಬಂತು. ಸಾವಿನ ಭಯದಲ್ಲಿ ಕಾಯ್ದೆ ಯಾರಿಗೆ ನೆನಪು? ನಾನೂ ಯಾರಿಗೂ ಬೇಡ ಅನ್ನಲಿಲ್ಲ.

ಬೇನೆ ಇಳಿಯಿತು. ಆದರೆ ತಗ್ಗಿನ ಹಳೇ ಊರಿಗೆ ಹೋಗಲು ಮಂದಿ ಒಲ್ಲೆ ಎಂದರು. ಸರಕಾರ ಕನಿಕರಪಟ್ಟು ನನ್ನ ಹೊಲವನ್ನೇ ಹೊಸ ಊರಿನ ಜಾಗವೆಂದು ತೆಗೆದುಕೊಂಡಿತು. ಬದಲಿಗೆ ಧುಪದಾಳದ ಕಡೆ ಒಂದು ಕಲ್ಲುಗುಡ್ಡ ಕೊಟ್ಟಿತು. ಸರಪಳಿ ಹಿಡಿದು ಅಳೆದು, ಹಳೇ ಊರಲ್ಲಿ ಮನೆ ಇದ್ದವರಿಗೆಲ್ಲ ಮನೆ ಕಟ್ಟಲು ಜಾಗ ಹಂಚಿದರು. ನನ್ನ ಹೆಸರು ಕೂಗಲೇ ಇಲ್ಲ.

"ನನಗ ಎಲ್ರಿ ರಾಯರ?"

"ಮನಿ ಇದ್ದವರಿಗಷ್ಟ ಜಾಗಾ. ನಿನಗ ಎಲ್ಲಿತ್ತು ಮನಿ?" ಎಂದ ಕುಲಕರ್ಣಿ.

"ಇಲ್ಲೇ ಇತ್ತಲ್ರಿ! ಮನಿ ಮನಿ ಅಂತ ನೀವ ಬಡಕೊಂಡ್ರಲ್ಲ?"

"ಅಪ್ಪಣಿ ಇಲ್ಲದ್ದು ಮನಿ ಹೆಂಗಾಗತೈತೋ ಹುಚ್ಚಾ? ಅದು ಚಕ್ಕಡಿ."

ಬೇವಿನ ಗಿಡ, ನಮ್ಮ ಒಲೆ ಇದ್ದ ನೆಲ, ಎರಡೂ ಅಣ್ಣನ ಪಾಲಿಗೆ ಬಂದವು. ಅಣ್ಣ ಒಲೆಯ ಕಲ್ಲನ್ನು ಕಾಲಿನಿಂದ ಬದಿಗೆ ಸರಿಸಿ, ದೊಡ್ಡ ಮನಸ್ಸು ಮಾಡಿ ಹೇಳಿದ: "ಹೊಳ್ಳಿ ಬರ್ರಿ ಮನಿಗೆ. ನಾ ಏನ್ ಹೊರಗಿನಾವೇನು? ದನದ ಕೊಟ್ಟಿಗಿ ಕಟ್ಟಸ್ತೇನಿ. ಎತ್ತಿನ ಬಾಜೂಕ ನಿಮಗೂ ಜಾಗಾ ಆಗತೈತಿ."

ಹೆಂಡತಿ ಭಾವನ ಎದುರಿಗೆ ಮಾತಾಡುವಂತಿಲ್ಲ. ಅವಳು ಸೆರಗು ಮುಂದೆಳೆದುಕೊಂಡು ಎತ್ತಿನ ಹತ್ತಿರ ಹೋದಳು. ಅದರ ಕೊರಳು ಹಿಡಿದು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಕೇಳಿದಿ ಏನಪಾ? ನಿನ್ನ ಬಾಜೂಕ ಇರಾಕ ನಮಗ ಅಪ್ಪಣಿ ಸಿಕ್ಕೈತಿ. ನಿನಗ ಒಪ್ಪಿಗಿ ಐತೇನು?"

ಎತ್ತು ನೊಣಕ್ಕೆ ಬೇಸತ್ತು ಕಿವಿ ಬಡಿದು ಜೋರಾಗಿ ತಲೆ ಅಲ್ಲಾಡಿಸಿತು.

ಹೆಂಡತಿ ನನ್ನ ಕಡೆ ತಿರುಗಿದಳು. "ಎತ್ತು ಒಲ್ಲೆ ಅಂತೈತ್ರಿ. ಹೂಡ್ರಿ ಚಕ್ಕಡಿ."